ಗಂಧದ ಮರವನ್ನು ಸರದಿಯಿಂದ ಬೆಳೆಸುವ ವಿಚಾರ

ಗಂಧದ ಮರವು ನಮ್ಮ ಸೀಮೆಯವರಿಗೆ ಹೊಸದಲ್ಲ. ಹೊಲದ ಬದುವಿನಲ್ಲಿಯೂ ಬೇಲಿಯ ಮರೆಯಲ್ಲಿಯೂ ಗುಂಡುತೋಪಿನ ಅಂಚಿನಲ್ಲಿಯೂ ಯಾರೂ ನೆಡದೆಯೇ ಅದು ಹುಟ್ಟಿ ಬೆಳೆಯುತ್ತಿದ್ದುದನ್ನು ಹಿರಿಯರು ಕಂಡಿರುತ್ತಾರೆ. ಈಗ ಚೇಗು ಕಟ್ಟಿದ ಅಂತಹ ಒಂದು ಮರವನ್ನು ತೋರಿಸಬೇಕಾದರೆ ಅನೇಕ ಗ್ರಾಮಗಳಲ್ಲಿ ಹುಡುಕಬೇಕಾಗಿರುವುದು. ಆದರೆ ಇದೇ ಕಾಲದಲ್ಲಿ ಸ್ವಂತ ಜಮೀನಿನಲ್ಲಿ ಗಂಧವನ್ನು ನೆಡಬೇಕೆಂಬ ಉತ್ಸಾಹವೂ ರೈತರಲ್ಲಿ ಹೆಚ್ಚಿರುತ್ತದೆ. ಹತ್ತು ಹನ್ನೆರಡು ವರ್ಷಗಳಲ್ಲಿ ಎಕರೆಗೆ ಕೋಟಿಗಟ್ಟಲೆ ಹಣ ಬರುವುದೆಂದು ಹೇಳಿ ಸಸಿ ಮಾರುವವರೂ ಊರೂರು ತಿರುಗುತ್ತಿರುವರು. ಕಳೆದುಹೋದ ಮರವು ಏಕೆ ಹೋಯಿತು, ಈಗ ನೆಡುವ ಮರವು ಹಾಗೆ ಹೋಗದಿರಲು ಏನು ಮಾಡತಕ್ಕದ್ದು ಎಂಬ ಎರಡು ಸಂಗತಿಗಳನ್ನು ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ತಿಳಿಸುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಸುಗಂಧದ ವ್ಯಾಪಾರದಲ್ಲಿ ಗಂಧದೆಣ್ಣೆಯ ಸ್ಥಾನ

ಹೂವಿನ ವಾಸನೆಯು ಬೇಗನೆ ಹಾರಿಹೋಗುವಂತಹುದು. ಗಂಧದೆಣ್ಣೆಯು ಹಾಗಲ್ಲ, ಅದು ನಿಧಾನವಾಗಿ ಆರುವುದಲ್ಲದೆ, ತನ್ನೊಡನೆ ಬೆರೆತ ಇತರ ವಾಸನೆಗಳನ್ನೂ ಹಿಡಿದು ನಿಲ್ಲಿಸುವುದು. ಉತ್ತರ ದೇಶದ ಕನೌಜಿನಲ್ಲಿ ಅತ್ತರು ಇಳಿಸುವವರು ಗುಲಾಬಿ, ಕೇದಗೆ ಮುಂತಾದ ಹೂವುಗಳ ಆವಿಯನ್ನು ಗಂಧದೆಣ್ಣೆಯೊಳಕ್ಕೇ ಇಳಿಸುತ್ತಿದ್ದುದು ಈ ಗುಣದಿಂದಲೇ. ಗಂಧದೆಣ್ಣೆಯ ಬೆಲೆ ಏರಿದ ಮೇಲೆ ಅವರಲ್ಲಿ ಬಹುಮಂದಿ ಅದನ್ನು ಬಿಟ್ಟು ವಾಸನೆಯಿಲ್ಲದ ಅಗ್ಗದ ಎಣ್ಣೆಗಳಿಗೆ ತಿರುಗಬೇಕಾಯಿತು.

ಫ್ರಾನ್ಸ್ ದೇಶದ ಬೆಲೆಬಾಳುವ ಸೆಂಟುಗಳಲ್ಲಿಯೂ ಗಂಧಕ್ಕೆ ಇದೇ ಸ್ಥಾನವುಂಟು. ಶನೆಲ್ ಕಂಪನಿಯು ೧೯೨೬ರಲ್ಲಿ ಹೊರತಂದ 'ಬ್ವಾ ದೆಜೀಲ್', ಗೆರ್ಲಾಂ ಕಂಪನಿಯು ೧೯೮೯ರಲ್ಲಿ ಹೊರತಂದ 'ಸಂಸಾರ' ಎಂಬ ಸೆಂಟುಗಳು ಗಂಧದ ವಾಸನೆಯನ್ನೇ ಮುಖ್ಯವಾಗಿಟ್ಟುಕೊಂಡವು. ಇಂತಹ ವ್ಯಾಪಾರಿಗಳಲ್ಲಿ ಮೈಸೂರಿನ ಗಂಧವೆಂದರೆ ಬಹುಕಾಲದಿಂದ ಹೆಸರು ನಿಂತಿದೆ.

ಈ ಹೆಸರಿಗೆ ಆಧಾರವಾದ ಕೈಗಾರಿಕೆಯ ಚರಿತ್ರೆಯೂ ತಿಳಿಯತಕ್ಕದ್ದೇ. ೧೯೧೪ರ ಮಹಾಯುದ್ಧಕ್ಕೆ ಮುಂಚೆ ನಮ್ಮ ಮರವು ಹರಾಜಾಗಿ ಹೊರದೇಶಕ್ಕೆ, ಅದರಲ್ಲಿಯೂ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿಹೋದಾಗ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಎಣ್ಣೆಯನ್ನು ಇಲ್ಲಿಯೇ ಇಳಿಸಲು ನಿಶ್ಚಯಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಅದರ ಕ್ರಮವನ್ನು ಸಿದ್ಧಪಡಿಸಿದರು. ೧೯೧೬ರಲ್ಲಿ ಎಣ್ಣೆ ಇಳಿಸುವ ಕೆಲಸವು ಮೊದಲಾಯಿತು. ಈಗ 'ಮೈಸೂರು ಗಂಧದೆಣ್ಣೆ' ಎಂಬ ಹೆಸರು ಭೌಗೋಳಿಕ ಗುರುತಿನ ಕಾಯಿದೆಯ ಮೇರೆಗೆ ನೋಂದಣಿಯಾಗಿರುತ್ತದೆ. ಆದರೆ ಹೆಸರು ಉಳಿದು ಮರವು ಹೋದರೆ ಆ ನೋಂದಣಿಯಿಂದ ರೈತನಿಗೆ ಪ್ರಯೋಜನವೇನು?

ಪರಿಮಳವಿರುವುದು ವಯಸ್ಸಿನಲ್ಲಿ

ಗಂಧದ ಮರದ ಎಲೆಯಲ್ಲಾಗಲಿ ತೊಗಟೆಯಲ್ಲಾಗಲಿ ಹೊರಗಿನ ಬಿಳಿಯ ಮರದಲ್ಲಾಗಲಿ ಪರಿಮಳವಿಲ್ಲ. ಕಾಂಡದ ಮತ್ತು ಬೇರಿನ ಒಳಭಾಗದಲ್ಲಿ ಕ್ರಮೇಣ ಕಟ್ಟುವ ಕಂದುಬಣ್ಣದ ಚೇಗಿನಲ್ಲಿ ಮಾತ್ರ ಎಣ್ಣೆಯಿರುವುದು. ಈ ಚೇಗು ಸಾಮಾನ್ಯವಾಗಿ ಮರಕ್ಕೆ ಹತ್ತು ವರ್ಷಗಳಾದ ಮೇಲೆ ಕಾಣಿಸಿಕೊಳ್ಳಲಾರಂಭಿಸುವುದು. ಆಗಲೂ ಅದು ಕಡ್ಡಿಯಷ್ಟು ದಪ್ಪವಾಗಿರುವುದೇ ಹೊರತು ವ್ಯಾಪಾರಕ್ಕೆ ತಕ್ಕ ಗಾತ್ರವಿರುವುದಿಲ್ಲ. ಎಳೆಯ ಮರದ ಚೇಗಿನಲ್ಲಿ ಎಣ್ಣೆಯು ಸಾಮಾನ್ಯವಾಗಿ ಶೇಕಡ ೨ಕ್ಕಿಂತ ಕಡಿಮೆ. ಬಲಿತ ಮರದ ಚೇಗಿನಲ್ಲಿ ಶೇಕಡ ೩ ರಿಂದ ೬ರ ವರೆಗೂ ಸಿಕ್ಕುವುದುಂಟು. ಬೇರಿನಲ್ಲಿ ಇನ್ನೂ ಹೆಚ್ಚು. ಆದುದರಿಂದಲೇ ಗಂಧದ ಮರವನ್ನು ಕಡಿಯದೆ ಬುಡಸಹಿತ ಅಗೆದು ತೆಗೆಯುವ ವಾಡಿಕೆಯಿರುವುದು.

ಎಣ್ಣೆಯ ಮೊತ್ತದಂತೆಯೇ ಗುಣವೂ ವಯಸ್ಸಿನೊಡನೆ ಏರುವುದು. ಗಂಧದೆಣ್ಣೆಯ ವಾಸನೆಗೆ ಮುಖ್ಯ ಕಾರಣವಾದ ಪದಾರ್ಥಕ್ಕೆ ಸ್ಯಾಂಟಲಾಲ್ ಎಂದು ಹೆಸರು. ಇದರಲ್ಲಿ ಎರಡು ಬಗೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ೩೫೧೮ನೆಯ ಮಾನಕದ ಪ್ರಕಾರ ಮೊದಲನೆಯ ಬಗೆಯ ಸ್ಯಾಂಟಲಾಲ್ ಶೇಕಡ ೪೧ ರಿಂದ ೫೫ರ ವರೆಗೂ, ಎರಡನೆಯ ಬಗೆಯದು ಶೇಕಡ ೧೬ ರಿಂದ ೨೪ರ ವರೆಗೂ ಇರತಕ್ಕದ್ದು. ದೊಡ್ಡ ಕೊಳ್ಳುವವರು ಎಣ್ಣೆಯನ್ನು ಮೂಗಿನಿಂದ ಮಾತ್ರವಲ್ಲದೆ ಯಂತ್ರದಿಂದಲೂ ಪರೀಕ್ಷಿಸುವರು. ಎಳೆಯ ಮರದ ಎಣ್ಣೆಯಾಗಲಿ ಬೆರಕೆಯ ಎಣ್ಣೆಯಾಗಲಿ ಆ ಪರೀಕ್ಷೆಯಲ್ಲಿ ಹೊರಬೀಳುವುದು.

ಇದರಿಂದ ರೈತನು ತಿಳಿಯಬೇಕಾದುದು ಇಷ್ಟೆ. ಹನ್ನೆರಡು ವರ್ಷಕ್ಕೆ ಮರವನ್ನು ಕಿತ್ತವನು ಬೆಳೆಯನ್ನು ಹಾಲುಗಾಳಿನಲ್ಲಿಯೇ ಕೊಯ್ದವನಂತೆ ನಷ್ಟಪಡುವನು. ಒಳ್ಳೆಯ ಮಣ್ಣಿನಲ್ಲಿ, ಒಳ್ಳೆಯ ಆರೈಕೆಯಲ್ಲಿ ಹದಿನೈದು ಇಪ್ಪತ್ತು ವರ್ಷಕ್ಕೆ ಮಾರತಕ್ಕ ಚೇಗು ದೊರೆಯಬಹುದಾದರೂ, ಇಪ್ಪತ್ತೈದು ಮೂವತ್ತು ವರ್ಷಗಳ ಲೆಕ್ಕವನ್ನಿಟ್ಟುಕೊಂಡು ನೆಡುವವನೇ ಗಂಧದಲ್ಲಿ ಲಾಭ ಪಡೆಯುವನು. ತಂದೆ ನೆಟ್ಟು ಮಗ ಮಾರುವ ಬೆಳೆಯೆಂದು ಇದನ್ನು ಭಾವಿಸಿದರೆ ತಪ್ಪಾಗಲಾರದು.

ಮರಗಳು ನಶಿಸಿದ ಬಗೆ

೧೯೩೦ ರಿಂದ ೧೯೫೦ರ ದಶಕದವರೆಗೆ ಇಡೀ ಭಾರತದಲ್ಲಿ ವರ್ಷಕ್ಕೆ ಸುಮಾರು ೪,೦೦೦ ಟನ್ ಗಂಧದ ಚೇಗು ದೊರೆಯುತ್ತಿತ್ತು. ೨೦೦೦ದ ವೇಳೆಗೆ ಅದು ಸುಮಾರು ೧,೦೦೦ ಟನ್ನಿಗೆ ಇಳಿಯಿತು. ಅನಂತರ ಇನ್ನೂ ಕುಗ್ಗಿತು. ೧೯೯೮ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದವರು ಗಂಧದ ಮರವನ್ನು ಅಪಾಯಕ್ಕೆ ಈಡಾಗುವ ಜಾತಿಗಳ ಪಟ್ಟಿಯಲ್ಲಿ ಸೇರಿಸಿದರು. ಹೀಗಾಗಲು ಮೂರು ಕಾರಣಗಳನ್ನು ಮುಖ್ಯವಾಗಿ ಹೇಳಬಹುದು.

ಮೊದಲನೆಯದು ಕಳವು. ಬೆಲೆ ಹೆಚ್ಚಿದಷ್ಟೂ ಕಳ್ಳರು ಹೆಚ್ಚಿದರು. ಅವರು ಬಲಿತ ಮರವನ್ನೇ ಆರಿಸಿಕೊಂಡು ತೆಗೆಯುವುದರಿಂದ ಬೀಜಕ್ಕೆ ಬೇಕಾದ ಉತ್ತಮ ಮರಗಳೇ ಮೊದಲು ಹೋದವು.

ಎರಡನೆಯದು ಸ್ಪೈಕ್ ಎಂಬ ರೋಗ. ಇದು ಮೊದಲು ೧೮೯೯ರಲ್ಲಿ ಕೊಡಗಿನಲ್ಲಿ ಗುರುತಿಸಲ್ಪಟ್ಟಿತು. ಈ ರೋಗ ತಗಲಿದ ಮರದ ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗಿ, ಬಿರುಸಾಗಿ, ಕೊಂಬೆಯ ಸುತ್ತ ಮುಳ್ಳಿನಂತೆ ನಿಂತುಕೊಳ್ಳುವುವು. ಎರಡು ಮೂರು ವರ್ಷಗಳಲ್ಲಿ ಮರವು ಒಣಗುವುದು. ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯು ಇದಕ್ಕೆ ಕಾರಣವೆಂದೂ, ಜಿಗಿಹುಳುಗಳು ಅದನ್ನು ಮರದಿಂದ ಮರಕ್ಕೆ ಒಯ್ಯುವುವೆಂದೂ ತಿಳಿದುಬಂದಿದೆ. ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧವು ರೈತನ ಕೈಗೆ ಬಂದಿರುವುದಿಲ್ಲ. ಆದುದರಿಂದ ಅಂತಹ ಮರವನ್ನು ಕಂಡೊಡನೆ ಅರಣ್ಯ ಇಲಾಖೆಗೆ ತಿಳಿಸಿ, ಅಪ್ಪಣೆ ಪಡೆದು ತೆಗೆಸುವುದೇ ಉಳಿದ ಮರಗಳಿಗೆ ಕ್ಷೇಮ.

ಮೂರನೆಯ ಕಾರಣವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ಅರಸನ ಮರವೆಂದು ಸಾರಿದನೆಂದು ಪ್ರತೀತಿ. ಅಲ್ಲಿಂದ ಮುಂದೆ ಬಂದ ಸರ್ಕಾರಗಳೂ ಅದೇ ಪದ್ಧತಿಯನ್ನು ನಡೆಸಿಕೊಂಡು ಬಂದವು. ಮರವು ಯಾರ ಹೊಲದಲ್ಲಿ ಹುಟ್ಟಿದರೂ ಅದು ಸರ್ಕಾರದ್ದೇ. ಕಾಡಿನಲ್ಲಿದ್ದ ಮರಗಳಿಗೆ ಇದರಿಂದ ಬಹುಕಾಲ ರಕ್ಷಣೆ ದೊರೆತುದು ನಿಜ. ಆದರೆ ಹೊಲದಲ್ಲಿದ್ದ ಮರದ ಗತಿ ಬೇರೆಯಾಯಿತು. ಹಿಡುವಳಿದಾರನಿಗೆ ಬೆಲೆಯಲ್ಲಿ ಒಂದು ಪಾಲು ಸಿಕ್ಕಬಹುದಾಗಿದ್ದರೂ ಮರದ ಮೇಲೆ ಸ್ವಂತ ಹಕ್ಕಿರಲಿಲ್ಲ. ಕಾಯುವ ಹೊಣೆ ಮಾತ್ರ ಅವನದಾಗಿತ್ತು. ಮರ ಕಳವಾದರೆ ವಿಚಾರಣೆಗೆ ಅಲೆಯಬೇಕಾದವನೂ ಅವನೇ. ಇಂತಹ ಮರವು ತನ್ನ ಬದುವಿನಲ್ಲಿ ಬೆಳೆಯದಿದ್ದರೇ ಒಳ್ಳೆಯದೆಂದು ರೈತನು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. ಹಕ್ಕಿಗಳು ಹಣ್ಣು ತಿಂದು ಉದುರಿಸಿದ ಬೀಜದಿಂದ ಸಸಿಯು ಹುಟ್ಟಿದರೆ, ಅದು ಗೇಣುದ್ದವಿರುವಾಗಲೇ ಸದ್ದಿಲ್ಲದೆ ಕೀಳಲ್ಪಡುತ್ತಿತ್ತು.

೨೦೦೧ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ಆದ ತಿದ್ದುಪಡಿಯು ಈ ಸ್ಥಿತಿಯನ್ನು ಬದಲಾಯಿಸಿತು. ಹಿಡುವಳಿ ಜಮೀನಿನಲ್ಲಿರುವ ಗಂಧದ ಮರಕ್ಕೆ ಈಗ ಹಿಡುವಳಿದಾರನೇ ಒಡೆಯನು. ಮರವು ಉಳಿಯಬೇಕಾದರೆ ಅದು ಉಳಿದುದರಿಂದ ಒಬ್ಬನಿಗಾದರೂ ಲಾಭವಿರಬೇಕು ಎಂಬ ಪಾಠವನ್ನು ಎರಡು ಶತಮಾನಗಳ ಅನುಭವವು ಕಲಿಸಿತೆನ್ನಬಹುದು.

ಮರದ ಸ್ವಭಾವ ಮತ್ತು ನೆಡುವ ಕ್ರಮ

ಗಂಧದ ಮರವು ಒಂಟಿಯಾಗಿ ಬಾಳುವುದಿಲ್ಲ. ಎಲೆಗಳು ಹಸುರಾಗಿದ್ದು ತಮ್ಮ ಆಹಾರವನ್ನು ತಾವೇ ಕಟ್ಟಿಕೊಂಡರೂ, ಬೇರುಗಳು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರನ್ನೂ ಸಾರವನ್ನೂ ಹೀರುವುವು. ಹೀಗೆ ಆಶ್ರಯ ಕೊಡುವ ಗಿಡವಿಲ್ಲದ ಕಡೆ ನೆಟ್ಟ ಗಂಧವು ಎರಡು ಮೂರು ವರ್ಷ ಬದುಕಿದಂತೆ ತೋರಿ, ಬಳಿಕ ಹಳದಿಯಾಗಿ ಒಣಗುವುದು. ಸಸಿ ಕೊಂಡು ನಷ್ಟಪಟ್ಟೆವೆಂದು ದೂರುವ ರೈತರ ಜಮೀನಿನಲ್ಲಿ ಬಹುಪಾಲು ಈ ನ್ಯೂನತೆಯೇ ಕಂಡುಬರುವುದು.

ಭೂಮಿ: ನೀರು ಬಸಿದುಹೋಗುವ ಕೆಂಪುಮಣ್ಣು, ಕಲ್ಲುಬೆರೆತ ಇಳಿಜಾರು ಭೂಮಿ ಇದಕ್ಕೆ ಒಗ್ಗುವುದು. ನೀರು ನಿಲ್ಲುವ ಎರೆಭೂಮಿಯೂ ಗದ್ದೆಬಯಲೂ ತಕ್ಕುದಲ್ಲ.

ಬೀಜ ಮತ್ತು ಸಸಿ: ಆರೋಗ್ಯವಾದ, ವಯಸ್ಸಾದ ಮರದಿಂದ ಕಪ್ಪಗೆ ಹಣ್ಣಾದ ಕಾಯಿಗಳನ್ನು ತೆಗೆದು, ತಿರುಳನ್ನು ತಿಕ್ಕಿ ತೊಳೆದು, ನೆರಳಿನಲ್ಲಿ ಒಣಗಿಸತಕ್ಕದ್ದು. ಗಂಧದ ಬೀಜವು ಹಾಗೆಯೇ ಬಿತ್ತಿದರೆ ಬಹುದಿನ ಮಲಗಿರುವುದು. ಆದಕಾರಣ ಶೇಕಡ ೦.೦೫ರ ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಒಂದು ರಾತ್ರಿ ನೆನೆಹಾಕಿ ಮರಳಿನ ಮಡಿಯಲ್ಲಿ ಬಿತ್ತುವರು. ಮೊಳೆತ ಸಸಿಗಳನ್ನು ಚೀಲಗಳಿಗೆ ಬದಲಾಯಿಸುವಾಗಲೇ ಅದೇ ಚೀಲದಲ್ಲಿ ತೊಗರಿಯನ್ನಾಗಲಿ ಹೊನಗೊನೆ ಸೊಪ್ಪಿನ ಬಳ್ಳಿಯನ್ನಾಗಲಿ ಜೊತೆಗಿಡವಾಗಿ ಇಡತಕ್ಕದ್ದು. ಜೊತೆಗಿಡವು ಸಸಿಯನ್ನು ಮುಚ್ಚದಂತೆ ಆಗಾಗ್ಗೆ ಚಿವುಟುತ್ತಿರಬೇಕು. ಸಸಿಯನ್ನು ಕೊಳ್ಳುವವರು ಸುಮಾರು ಒಂದು ಅಡಿ ಎತ್ತರವಿದ್ದು, ಕಾಂಡದ ಬುಡವು ಕಂದಾಗಿರುವುದನ್ನು ಆರಿಸಿಕೊಳ್ಳುವುದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಗಂಧದ ವಿಷಯದಲ್ಲಿ ಸಂಶೋಧನೆ ನಡೆಸುತ್ತಿರುವುದರಿಂದ ಅವರ ಸಲಹೆಯನ್ನು ಪಡೆಯುವುದು ಲೇಸು.

ನಾಟಿ: ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಬೇಸಿಗೆಯಲ್ಲಿಯೇ ತೆಗೆದು, ಮಳೆ ಹಿಡಿದ ಮೇಲೆ ನೆಡುವುದು. ಹದಿನೈದು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು ೧೯೦ ಗಂಧದ ಗುಂಡಿಗಳಾಗುವುವು. ಮೊದಲನೆಯ ವರ್ಷ ಪ್ರತಿ ಸಸಿಯ ಬಳಿಯಲ್ಲಿ ತೊಗರಿಯನ್ನು ಬಿತ್ತಬೇಕು. ಎರಡು ಗಂಧಗಳ ನಡುವೆ ಬಹುಕಾಲ ನಿಲ್ಲುವ ಹೊಂಗೆ, ಸರ್ವೆ, ಕರಿಜಾಲಿ, ಬೇವು, ನೆಲ್ಲಿ ಮುಂತಾದವುಗಳಲ್ಲಿ ಸ್ಥಳಕ್ಕೆ ಒಗ್ಗುವುದನ್ನು ನೆಡಬೇಕು. ಒಂದೇ ಜಾತಿಯನ್ನು ನೆಡುವುದಕ್ಕಿಂತ ಎರಡು ಮೂರು ಜಾತಿಗಳನ್ನು ಬೆರಸುವುದು ಉತ್ತಮ. ಹೊಂಗೆಯ ಬೀಜ, ನೆಲ್ಲಿಯ ಕಾಯಿ, ತೊಗರಿಯ ಬೆಳೆ ಇವುಗಳಿಂದ ಬರುವ ಅಲ್ಪಸ್ವಲ್ಪ ಹುಟ್ಟುವಳಿಯು ಕಾಯುವ ವರ್ಷಗಳಲ್ಲಿ ಖರ್ಚಿಗೆ ಒದಗುವುದು.

ಆರೈಕೆ: ದನ ಮೇಕೆಗಳು ಗಂಧದ ಎಲೆಯನ್ನು ಬಹಳ ಇಷ್ಟಪಡುವುದರಿಂದ ಬೇಲಿಯು ಅವಶ್ಯ. ಬೆಂಕಿಗೂ ಈ ಮರವು ತಡೆಯುವುದಿಲ್ಲ. ಬೇಸಿಗೆಗೆ ಮುಂಚೆ ಸುತ್ತಲಿನ ಒಣಹುಲ್ಲನ್ನು ಹೆರೆಸತಕ್ಕದ್ದು. ಮರಗಳ ಬುಡದಲ್ಲಿ ಆಳವಾಗಿ ಉಳಬಾರದು. ಉತ್ತರೆ ಗಂಧಕ್ಕೂ ಜೊತೆಗಿಡಕ್ಕೂ ಇರುವ ಬೇರಿನ ನಂಟು ಕಡಿದುಹೋಗುವುದು. ಮೊದಲೆರಡು ಬೇಸಿಗೆಗಳಲ್ಲಿ ಮಿತವಾಗಿ ನೀರು ಕೊಡಬಹುದು.

ಬದುವಿನಲ್ಲಿ ಹಕ್ಕಿಯ ದಯೆಯಿಂದ ತಾನಾಗಿ ಹುಟ್ಟಿದ ಸಸಿಯನ್ನು ಮಾತ್ರ ಯಾರೂ ಕೀಳಬಾರದು. ಅದು ತನ್ನ ಆಶ್ರಯದ ಗಿಡವನ್ನು ತಾನೇ ಹುಡುಕಿಕೊಂಡು ಹುಟ್ಟಿರುವುದು; ಕಾಸು ಖರ್ಚಿಲ್ಲದೆ ಬಂದ ಉತ್ತಮ ಸಸಿಯೆಂದರೆ ಅದೇ.

ಸರದಿಯ ಲೆಕ್ಕ

ಒಂದೇ ವರ್ಷದಲ್ಲಿ ಐದು ಎಕರೆಯನ್ನೂ ನೆಟ್ಟು, ಒಂದೇ ವರ್ಷದಲ್ಲಿ ಐದು ಎಕರೆಯನ್ನೂ ಕೀಳುವುದು ಅವಿವೇಕವೆನ್ನದೆ ವಿಧಿಯಿಲ್ಲ. ನೆಟ್ಟ ವರ್ಷ ಮಳೆ ಹೋದರೆ ಎಲ್ಲವೂ ಹೋಯಿತು. ಕಿತ್ತ ವರ್ಷ ಬೆಲೆ ಇಳಿದಿದ್ದರೆ ಇಪ್ಪತ್ತೈದು ವರ್ಷದ ಶ್ರಮವೂ ಹೋಯಿತು. ಕಿತ್ತ ಮೇಲೆ ಭೂಮಿಯು ಬೋಳಾಗಿ ಮಣ್ಣು ಕೊಚ್ಚಿಹೋಗುವುದು ಬೇರೆ.

ಅದರ ಬದಲಾಗಿ ಐದು ವರ್ಷಕ್ಕೆ ಒಂದು ಎಕರೆಯಂತೆ ನೆಟ್ಟುಕೊಂಡು ಹೋಗುವುದು. ಇಪ್ಪತ್ತನೆಯ ವರ್ಷದಲ್ಲಿ ಐದನೆಯ ಎಕರೆ ನೆಟ್ಟುಮುಗಿಯುವುದು. ಇಪ್ಪತ್ತೈದನೆಯ ವರ್ಷದಲ್ಲಿ ಮೊದಲನೆಯ ಎಕರೆಯ ಮರವು ಬಲಿತಿರುವುದು. ಅದನ್ನು ತೆಗೆದು ಅಲ್ಲಿಯೇ ಮತ್ತೆ ನೆಡುವುದು. ಮೂವತ್ತನೆಯ ವರ್ಷ ಎರಡನೆಯ ಎಕರೆ, ಮೂವತ್ತೈದಕ್ಕೆ ಮೂರನೆಯದು. ಹೀಗೆ ನಡೆದರೆ ಐದು ವರ್ಷಕ್ಕೊಮ್ಮೆ ಹಣವು ಕೈಗೆ ಬರುತ್ತಲೇ ಇರುವುದು. ನಾಲ್ಕು ಎಕರೆಯ ಮರವು ಯಾವಾಗಲೂ ನಿಂತಿರುವುದು. ಐದು ಎಕರೆಯಿಲ್ಲದ ರೈತನು ಬದುವಿನ ಮೇಲೆ ಐದು ವರ್ಷಕ್ಕೆ ಹತ್ತು ಸಸಿಗಳಂತೆ ಇಟ್ಟರೂ ಇದೇ ಲೆಕ್ಕವು ಒದಗುವುದು. ಒಂದು ಮರ ಕಿತ್ತರೆ ಎರಡು ಸಸಿ ನೆಡುವುದನ್ನು ನಿಯಮವಾಗಿಟ್ಟುಕೊಳ್ಳಬೇಕು. ನೆಟ್ಟುದೆಲ್ಲವೂ ಉಳಿಯುವುದಿಲ್ಲವಷ್ಟೆ.

ಸಾಲ ಮಾಡಿ ಗಂಧವನ್ನು ನೆಡುವುದಾಗಲಿ, ಹೊಟ್ಟೆಗೆ ರಾಗಿ ಜೋಳ ಕೊಡುವ ಭೂಮಿಯನ್ನೆಲ್ಲ ಗಂಧಕ್ಕೆ ಬಿಡುವುದಾಗಲಿ ಯೋಗ್ಯವಲ್ಲ. ಬಡ್ಡಿಯು ವರ್ಷಕ್ಕೊಮ್ಮೆ ಬರುವುದು. ಚೇಗು ಇಪ್ಪತ್ತೈದು ವರ್ಷಕ್ಕೊಮ್ಮೆ. ಸಾಲಗಾರನು ಎಳೆಯ ಮರವನ್ನೇ ಮಾರುವಂತಾಗುವುದು.

ಕಾವಲು ಮತ್ತು ಕಾಗದಪತ್ರ

ಮರವು ಸ್ವಂತದ್ದಾದರೂ ಅದನ್ನು ಮನಬಂದಂತೆ ಕಡಿದು ಸಾಗಿಸಲು ಅವಕಾಶವಿಲ್ಲ. ಕೀಳುವುದಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯೂ, ಸಾಗಿಸುವುದಕ್ಕೆ ರಹದಾರಿಯೂ ಬೇಕು. ನೆಟ್ಟ ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ನಮೂದು ಮಾಡಿಸಿಕೊಂಡಿದ್ದರೆ ಮುಂದೆ ಈ ಅಪ್ಪಣೆಗಳು ಸುಲಭವಾಗುವುವು. ಯಾರಿಗೆ, ಯಾವ ರೀತಿಯಲ್ಲಿ ಮಾರಬಹುದೆಂಬ ನಿಯಮಗಳು ಆಗಾಗ್ಗೆ ತಿದ್ದುಪಡಿಯಾಗುತ್ತಿರುವುದರಿಂದ, ನೆಡುವಾಗಲೂ ಕೀಳುವಾಗಲೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ತಿಳಿಯತಕ್ಕದ್ದು. ರಾತ್ರಿಯ ಹೊತ್ತು ಬಂದು ಕೈಯಲ್ಲಿ ಹಣವಿಟ್ಟು ಕಾಗದವಿಲ್ಲದೆ ಮರ ಕೇಳುವವನು ಮೂರನೆಯ ಒಂದು ಬೆಲೆ ಕೊಟ್ಟು, ಅಪರಾಧದ ಪೂರ್ತಿ ಹೊಣೆಯನ್ನು ರೈತನ ಮೇಲೆ ಬಿಟ್ಟುಹೋಗುವನು.

ಈ ಕಾಗದಪತ್ರಕ್ಕೆ ಮತ್ತೊಂದು ಬೆಲೆಯೂ ಬಂದಿದೆ. ಬೆಲೆಬಾಳುವ ಸೆಂಟನ್ನು ತಯಾರಿಸುವ ಕಂಪನಿಗಳು ಈಗ ಎಣ್ಣೆಯ ಗುಣವನ್ನಷ್ಟೇ ಅಲ್ಲದೆ ಅದರ ಹುಟ್ಟನ್ನೂ ಕೇಳುವುವು. ಮರವು ಯಾವ ಜಮೀನಿನಲ್ಲಿ ಬೆಳೆಯಿತು, ನ್ಯಾಯವಾಗಿ ಕೀಳಲ್ಪಟ್ಟಿತೇ, ಅದರ ಜಾಗದಲ್ಲಿ ಮತ್ತೆ ನೆಟ್ಟರೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಎಣ್ಣೆಯನ್ನು ಅವು ಬಿಟ್ಟುಬಿಡುವುವು. ನಮ್ಮ ಮರವು ಕಡಿಮೆಯಾದಾಗ ಅವರೇನೂ ಕೈಕಟ್ಟಿ ಕುಳಿತಿರಲಿಲ್ಲ. ಒಂದು ಕಡೆ ರಸಾಯನಶಾಲೆಗಳಲ್ಲಿ ಗಂಧವನ್ನು ಹೋಲುವ ಕೃತಕ ವಾಸನೆಗಳು ಸಿದ್ಧವಾದವು. ಮತ್ತೊಂದು ಕಡೆ ಪಶ್ಚಿಮ ಆಸ್ಟ್ರೇಲಿಯದ ಕನನುರಾ ಪಟ್ಟಣದ ಸುತ್ತ, ಆರ್ಡ್ ನದಿಯ ನೀರಾವರಿಯಲ್ಲಿ, ೧೯೯೦ರ ದಶಕದ ಕೊನೆಯಿಂದ ಸಾವಿರಾರು ಎಕರೆಗಳಲ್ಲಿ ನಮ್ಮ ಜಾತಿಯ ಗಂಧವನ್ನೇ ಜೊತೆಗಿಡಗಳೊಡನೆ ನೆಟ್ಟು ಬೆಳೆಸಿದರು. ಆ ಮರದ ಪ್ರತಿಯೊಂದಕ್ಕೂ ಲೆಕ್ಕವುಂಟು. ಮರದ ತವರು ಇಲ್ಲಿದ್ದು ಲೆಕ್ಕವು ಅಲ್ಲಿದ್ದರೆ, ವ್ಯಾಪಾರವು ಲೆಕ್ಕವಿರುವ ಕಡೆಗೇ ಹೋಗುವುದು ಸಹಜ.

ಗ್ರಾಮದ ಮುಖಂಡರು ಮಾಡತಕ್ಕದ್ದು

ಗಂಧದ ಕಾವಲು ಒಬ್ಬ ರೈತನಿಂದ ಆಗತಕ್ಕ ಕೆಲಸವಲ್ಲ. ಇಪ್ಪತ್ತು ವರ್ಷ ಕಾದ ಮರವನ್ನು ಕಳ್ಳರು ಒಂದು ರಾತ್ರಿಯಲ್ಲಿ ಕುಯ್ದು ಒಯ್ಯುವರು. ಊರಿನಲ್ಲಿ ಒಬ್ಬನ ಮರ ಹೋದರೆ ಉಳಿದವರು ಹೆದರಿ ಎಳೆಯ ಮರಗಳನ್ನೇ ತೆಗೆಸಲು ನೋಡುವರು. ಆದುದರಿಂದ ಮುಖಂಡರು ಈ ಕೆಳಕಂಡ ನಾಲ್ಕು ಸಂಗತಿಗಳಿಗೆ ಗಮನ ಕೊಡಬೇಕೆಂದು ವಿನಂತಿಸಲಾಗಿದೆ.

(೧) ಗ್ರಾಮದಲ್ಲಿರುವ ಗಂಧದ ಮರಗಳ ಸಂಖ್ಯೆ, ಸರ್ವೆ ನಂಬರು, ಸುತ್ತಳತೆ ಇವುಗಳ ಒಂದು ಪಟ್ಟಿಯನ್ನು ಬರೆದಿಟ್ಟು ವರ್ಷಕ್ಕೊಮ್ಮೆ ಸರಿನೋಡುವುದು.

(೨) ಗಂಧ ನೆಟ್ಟವರೆಲ್ಲರೂ ಕೂಡಿ, ಖರ್ಚನ್ನು ಹಂಚಿಕೊಂಡು, ರಾತ್ರಿ ಕಾವಲಿನ ಏರ್ಪಾಡು ಮಾಡಿಕೊಳ್ಳುವಂತೆ ಪ್ರೋತ್ಸಾಹಿಸುವುದು. ಒಂಟಿ ತೋಟಕ್ಕಿಂತ ಒತ್ತಾಗಿರುವ ತೋಟಗಳ ಕಾವಲು ಸುಲಭ.

(೩) ಸ್ಪೈಕ್ ರೋಗದ ಮರವನ್ನೂ ಅಪರಿಚಿತರ ಓಡಾಟವನ್ನೂ ಕಂಡ ದಿನವೇ ಸಂಬಂಧಪಟ್ಟವರಿಗೆ ತಿಳಿಸುವುದು.

(೪) ಬೀಜಕ್ಕೆ ತಕ್ಕ ಹಳೆಯ ಮರವು ಊರಿನಲ್ಲಿ ಒಂದಾದರೂ ಉಳಿದಿದ್ದರೆ ಅದನ್ನು ಕೀಳದಂತೆ ಒಡೆಯನನ್ನು ಒಪ್ಪಿಸುವುದು. ಆ ಒಂದು ಮರದ ಹಣ್ಣನ್ನು ತಿಂದ ಹಕ್ಕಿಗಳು ಊರಿನ ಬದುಗಳಲ್ಲೆಲ್ಲ ಬಿತ್ತುವುವು.

ಹಿಂದೆ ಸಸಿಯನ್ನು ಕಿತ್ತು ಬಿಸಾಡಿದ ರೈತನ ಮೇಲೆ ತಪ್ಪು ಹೊರಿಸಿ ಫಲವಿಲ್ಲ. ಆಗ ಮರವು ಅವನದಾಗಿರಲಿಲ್ಲ. ಈಗ ಅವನದಾಗಿದೆ. ಇನ್ನು ಮುಂದೆ ಮರವು ಅವಸರದಿಂದಾಗಲಿ ಅಲಕ್ಷ್ಯದಿಂದಾಗಲಿ ಹಾಳಾದರೆ ಕಾಯಿದೆಯನ್ನು ದೂರುವ ಹಾಗಿಲ್ಲ. ಮುಂಗಾರು ಹಿಡಿಯುವ ಮೊದಲು ಗುಂಡಿ ತೆಗೆಯತಕ್ಕದ್ದಾದ್ದರಿಂದ, ನೆಡಬೇಕೆಂದಿರುವವರು ಈ ಬೇಸಿಗೆಯಲ್ಲಿಯೇ ಸ್ಥಳವನ್ನು ಗೊತ್ತುಮಾಡಿಕೊಂಡು, ಜೊತೆಗಿಡಗಳ ಸಸಿಯನ್ನು ಗಂಧದ ಸಸಿಗಿಂತ ಮೊದಲು ಒದಗಿಸಿಕೊಳ್ಳುವುದು ಉಚಿತವಾಗಿರುತ್ತದೆ.